ಡಾಕ್ಟ್ರಮ್ಮ ಎಂಬ ಮಾತು

ಹೋದ ಸೋಮವಾರ ಬೆಳಗ್ಗೆ ನಾನು ಬಳ್ಳಾರಿಯ ಆಸ್ಪತ್ರೆಯೊಂದರ ಮೊದಲ ಮಹಡಿಯಲ್ಲಿ, ಕುಡಿಯುವ ನೀರಿನ ನಲ್ಲಿಯ ಎಡಕ್ಕೆ ನಿಂತಿದ್ದೆ. ಹೋದದ್ದು ಮಂಡಿನೋವಿಗೆ. ಎದುರಿನ ಬಾಗಿಲ ಮೇಲೆ ಹೊಸ ಫಲಕ: ‘ನರ್ಸ್ ಪ್ರಾಕ್ಟೀಷನರ್, ಹೆರಿಗೆ ವಿಭಾಗ’. ನನ್ನ ಹೆಸರು ಕೂಗಿದರೂ ನಾನು ಅದನ್ನೇ ಓದುತ್ತಿದ್ದೆ. ಕೂಗಿದವರು, ಮುದುಕನಿಗೆ ಮಂಡಿಯ ಜೊತೆ ಕಿವಿಯೂ ಹೋಗಿದೆ ಎಂದುಕೊಂಡಿರಬೇಕು.

ತಾನೇ ನೋಡಿ ಔಷಧಿ ಕೊಡುವ ನರ್ಸಿನ ಈ ಹೆಸರು ಐವತ್ತು ವರ್ಷ ತಡವಾಗಿ ಬಂತು. ಯಾಕೆ ಹಾಗೆನ್ನುತ್ತೇನೆಂದು ನಿಮಗೆ ನಿಧಾನವಾಗಿ ಹೇಳುತ್ತೇನೆ. ಕಂಡದ್ದಕ್ಕಿಂತ ಹೆಚ್ಚು ಹೇಳಬಾರದು.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಬಳ್ಳಾರಿಯ ಬ್ರೂಸ್‌ಪೇಟೆಯ ಬಟ್ಟೆ ಅಂಗಡಿಯಲ್ಲಿ ಗುಮಾಸ್ತ. ಅಕ್ಕ ನರ್ಸಿಂಗ್ ಓದಿ, ಹೆರಿಗೆಯ ತರಬೇತಿಯನ್ನೂ ಮುಗಿಸಿ ಕೆಲಸಕ್ಕೆ ಸೇರಿದ್ದಳು. ಅಷ್ಟಕ್ಕೆ ನಿಲ್ಲುವವಳಲ್ಲ. ಅಕ್ಕಿ ಆರಿಸುತ್ತ ಹೇಳುವಳು: ಇನ್ನು ಸ್ವಲ್ಪ ಕಾಲ ವಾರ್ಡು, ಆಮೇಲೆ ಮದ್ರಾಸಿನಲ್ಲಿ ಮೇಲಿನ ಓದು, ಆಮೇಲೆ ಡಾಕ್ಟರಿಲ್ಲದ ಊರಿನಲ್ಲಿ ತಾನೇ ನೋಡಿ, ತಾನೇ ನಿರ್ಧರಿಸಿ ಔಷಧಿ ಕೊಡುವ ಕೆಲಸ.

“ಅಂಥಾಕಿಗೆ ಏನಂತಾರಕ್ಕಾ?” ಎಂದು ಕೇಳಿದ್ದೆ.

“ಹೆಸ್ರು ಇನ್ನಾ ಇಟ್ಟಿಲ್ಲಲೇ. ಮೊದ್ಲು ಕೂಸು ಹುಟ್ಲಿ.”

ಅವ್ವನಿಗೆ ಅಷ್ಟು ತಾಳ್ಮೆ ಇರಲಿಲ್ಲ. ನರ್ಸ್ ಎಂದರೆ ನಮ್ಮ ಬಳಗದಲ್ಲಿ ಮೂಗು ಮುರಿಯುತ್ತಿದ್ದರು. ಕುರುಗೋಡಿನ ಮದುವೆಯೊಂದರಲ್ಲಿ ಯಾರೋ ಕೇಳಿದ್ದಕ್ಕೆ, “ನಮ್ಮಾಕಿ ಡಾಕ್ಟ್ರಮ್ಮ ಆಗ್ಯಾಳ” ಎಂದುಬಿಟ್ಟಳು. ಆ ಮಾತು ನಮಗಿಂತ ಮೊದಲೇ ದೇಶನೂರು ಸೇರಿತ್ತು.

ಅಲ್ಲಿ ಸೋದರತ್ತೆಯ ಮನೆಗೆ ನಾವು ಮೂವರೂ ಹೋದ ದಿನ, ಊಟದ ಹೊತ್ತಿಗೆ, ಪಕ್ಕದ ಮನೆಯಲ್ಲಿ ಹೆರಿಗೆ. ಅಕ್ಕನನ್ನು ಕರೆದರು. ನಾನು ಆ ಮನೆಯ ಅಂಗಳದಲ್ಲಿ, ಬಂಡಿಯ ನೊಗದ ಪಕ್ಕ ನಿಂತಿದ್ದೆ. ಕೂಸು ಅತ್ತದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಅಕ್ಕ ಹೊರಗೆ ಬಂದಳು, ಮೊಣಕೈವರೆಗೆ ರಕ್ತ.

“ರಕ್ತ ನಿಂದ್ರವಲ್ದು. ಬಂಡಿ ಹೂಡ್ರಿ, ಸಿರುಗುಪ್ಪದ ದವಾಖಾನಿಗೆ ಒಯ್ಯಬೇಕು.”

ಬಾಣಂತಿಯ ಮಾವ ನಕ್ಕ. “ಡಾಕ್ಟ್ರಮ್ಮ ಮನ್ಯಾಗ ಇದ್ದಾಗ ಸಿರುಗುಪ್ಪ ಯಾಕವ್ವಾ?”

“ನಾ ಡಾಕ್ಟ್ರಲ್ಲರಿ, ನರ್ಸು. ಬೇಕಾದ ಸೂಜಿ ನನ್ನ ಹತ್ರ ಇಲ್ಲ.”

“ಕಲ್ತೋರು ಹಂಗಽ ಅಂತಾರ. ಒಳಗ ನಡೀರಿ.”

ಅವಳು ನರ್ಸೇ ಎಂದು ನಾನೂ ಹೇಳಿದೆ. “ನೀ ಅರಿವಿ ಅಳೆಯೋದು ನೋಡಪ್ಪಾ” ಎಂದ. ಅಕ್ಕ ಅಂಗಳದಲ್ಲೇ ಇದ್ದ ಅವ್ವನ ಕಡೆ ನೋಡಿದಳು. ಅವ್ವ ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡು ನೆಲ ನೋಡುತ್ತಿದ್ದಳು. ಅವಳು ಆಡಿದ್ದ ಮಾತು, ಅವಳೇ ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು. ಅಕ್ಕ ಒಳಗೆ ಓಡಿದಳು. ಬಾಣಂತಿಯ ಹೊಟ್ಟೆ ಒತ್ತಿ ಹಿಡಿದು, ಅಲ್ಲಿಂದಲೇ “ಬಂಡಿ, ಬಂಡಿ” ಎಂದು ಕೂಗುತ್ತಿದ್ದಳು. ಎತ್ತುಗಳು ಗದ್ದೆಯಲ್ಲಿದ್ದವು. ನಾನು ಹೋಗಿ ಹೊಡೆದುಕೊಂಡು ಬಂದೆ.

ಸಿರುಗುಪ್ಪದ ದಾರಿಯಲ್ಲಿ ಬಂಡಿ ಕಾಲುವೆಯ ಸೇತುವೆ ದಾಟುವಾಗ ಹಿಂತಿರುಗಿ ನೋಡಿದೆ. ಅಕ್ಕ ಒತ್ತಿದ್ದ ಕೈಯನ್ನು ತೆಗೆದು, ಬಾಣಂತಿಯ ಮುಖದ ಮೇಲೆ ಸೆರಗು ಎಳೆದಿದ್ದಳು.

ಮದ್ರಾಸಿನ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ನಿವೃತ್ತಿಯವರೆಗೆ ವಾರ್ಡಿನಲ್ಲಿಯೇ ಇದ್ದಳು. ಯಾರಾದರೂ ಪ್ರೀತಿಯಿಂದ ಡಾಕ್ಟ್ರಮ್ಮ ಎಂದರೆ ಕೈಯಲ್ಲಿದ್ದ ಕೆಲಸ ನಿಲ್ಲಿಸಿ, “ನರ್ಸ್ ಅನ್ರಿ” ಎನ್ನುವಳು. ಅವರು ಅನ್ನುವವರೆಗೆ ಕಾಯುವಳು.

ಸೋಮವಾರ ಮನೆಗೆ ಬಂದು ಅಕ್ಕನಿಗೆ ಫಲಕದ ವಿಷಯ ಹೇಳಿದೆ. ಎರಡು ಸಲ ಹೇಳಿಸಿಕೊಂಡಳು.

“ಇಟ್ರಾ ಹೆಸ್ರು?” ಎಂದಳು. ಆಮೇಲೆ, “ಅಷ್ಟುದ್ದದ ಹೆಸ್ರು ದೇಶನೂರಾಗ ಯಾರಿಗೆ ತಿಳೀತಿತ್ತು ಬಿಡು.”

ಅವ್ವ ಇಲ್ಲ, ಆ ಮಾವ ಇಲ್ಲ. ಅಂದು ಬಂಡಿಯಲ್ಲಿದ್ದವರಲ್ಲಿ ಅಕ್ಕ ಇದ್ದಾಳೆ, ನಾನಿದ್ದೇನೆ. ಇನ್ನೊಬ್ಬಳು ಈರಮ್ಮ, ಅಂದು ಹುಟ್ಟಿದ ಕೂಸು, ಕುರುಗೋಡಿಗೆ ಸೊಸೆಯಾಗಿ ಹೋದವಳು. ಅವಳನ್ನು ತಾಯಿಯ ಮಗ್ಗುಲಿಗೇ ಮಲಗಿಸಿದ್ದೆವು. ಕೂಸು ಕಣ್ಣು ತೆರೆದಿತ್ತು.