ಕನ್ನಡಿ ಬಸಪ್ಪನ ಮೂಡಲ

ಬಸಪ್ಪನ ತಲೆಯಲ್ಲಿ ಕೂದಲಿದ್ದದ್ದು ಕಿವಿಗಳ ಮೇಲೆ ಒಂದಿಷ್ಟು, ಹಿಂದೆ ಒಂದಿಷ್ಟು. ಆದರೂ ಅಂಗಿಯ ಜೇಬಿನಲ್ಲಿ ಬಾಚಣಿಗೆ ಮತ್ತು ಒಂದು ದುಂಡು ಕನ್ನಡಿ ಇಲ್ಲದೆ ಅವನು ಹೊಸ್ತಿಲು ದಾಟಿದವನಲ್ಲ. ಮಾತಿನ ನಡುವೆಯೇ ಕನ್ನಡಿ ತೆಗೆದು, ಇದ್ದ ನಾಲ್ಕು ಕೂದಲನ್ನು ಬಹಳ ಮರ್ಯಾದೆಯಿಂದ ಬಾಚಿ, ಮತ್ತೆ ಜೇಬಿಗಿಳಿಸಿ, ಮಾತನ್ನು ಬಿಟ್ಟಲ್ಲಿಂದಲೇ ಹಿಡಿಯುತ್ತಿದ್ದ. ಕೊಪ್ಪಳದ ರಂಗಮಂದಿರಕ್ಕೆ ನಾನು ಮೊದಲ ಸಲ ತಾಲೀಮಿಗೆ ಹೋದ ದಿನ, ಅಂಗಳದಲ್ಲಿ ನಿಂತು ಬಾಚಿಕೊಳ್ಳುತ್ತಿದ್ದ ಅವನ ಕನ್ನಡಿಯಿಂದ ಬಿಸಿಲಿನ ಬಿಲ್ಲೆಯೊಂದು ಹಾರಿ ಬಂದು ನನ್ನ ಕಣ್ಣಿಗೆ ಬಡಿಯಿತು. ಯಾರಪ್ಪಾ ಈ ಅಧಿಕಪ್ರಸಂಗಿ ಎಂದು ಕೆಕ್ಕರಿಸಿ ನೋಡಿದೆ. ಅವನು ತಪ್ಪಾಯಿತು ಗಿಪ್ಪಾಯಿತು ಅನ್ನುವ ಗೋಜಿಗೇ ಹೋಗಲಿಲ್ಲ. ಬಿಲ್ಲೆಯನ್ನು ನನ್ನ ಮುಖದಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ ಸರಿಸಿ, ಒಳಗೆ ಹೋಗುವ ದಾರಿ ತೋರಿಸಿದ.

ನಾನು ಕುಷ್ಟಗಿಯ ಸರ್ಕಾರಿ ಶಾಲೆಯ ಟೀಚರು. ಐವತ್ತು ದಾಟಿದ ಮೇಲೂ ನಾಟಕದ ಹುಚ್ಚು ಬಿಟ್ಟಿರಲಿಲ್ಲ. ಸಂಗಪ್ಪ ಮಾಸ್ತರರು ಎಂಬ ನಿವೃತ್ತ ಶಿಕ್ಷಕರು ಕೊಪ್ಪಳದಲ್ಲಿ ಒಂದು ಹವ್ಯಾಸಿ ತಂಡ ಕಟ್ಟಿಕೊಂಡಿದ್ದರು. ಅವರ ಹೊಸ ನಾಟಕದಲ್ಲಿ ನನಗೆ ಸೂಲಗಿತ್ತಿಯ ಪಾತ್ರ ಸಿಕ್ಕಿತ್ತು. ಬಸಪ್ಪ ಆ ತಂಡದ ಲೈಟಿನವನು. ಊರು ಅಳವಂಡಿ. ಮದುವೆ ಪೆಂಡಾಲಿಗೆ ಸೀರಿಯಲ್ ಸೆಟ್ ಕಟ್ಟುವುದರಿಂದ ಶುರುಮಾಡಿ ರಂಗದ ದೀಪಕ್ಕೆ ಬಂದವನು. ತನ್ನಷ್ಟು ಬೆಳಕು ಬಲ್ಲವರು ಇಡೀ ಜಿಲ್ಲೆಯಲ್ಲಿ ಯಾರೂ ಇಲ್ಲ ಎಂದು ಸ್ವತಃ ತಾನೇ ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದ. ಬೇರೆಯವರು ಹೇಳಲಿ ಎಂದು ಕಾಯುವಷ್ಟು ತಾಳ್ಮೆ ಅವನಿಗಿರಲಿಲ್ಲ.

ಅವನ ಜಂಬಕ್ಕೆ ಮುಖ್ಯ ಕಾರಣ ಎರಡು ಕನ್ನಡಿ ದೀಪಗಳು. ಯಾವುದೋ ದೊಡ್ಡ ಊರಿನ ಕಂಪನಿಯವರು ಹಳೆಯದಾಯಿತೆಂದು ತೆಗೆದುಹಾಕಿದ್ದನ್ನು ಅವನು ಹೊತ್ತುತಂದಿದ್ದ. ಟ್ರಂಕಿನಂಥ ಉದ್ದ ಡಬ್ಬಿ, ಒಳಗೆ ಉರಿಯುವ ದೀಪ, ಬಾಯಿಯ ಹತ್ತಿರ ಅಂಗೈಯಗಲದ ಕನ್ನಡಿ. ದೀಪ ಇದ್ದಲ್ಲೇ ಇರುತ್ತದೆ, ಕನ್ನಡಿ ಮಾತ್ರ ಹೊರಳಿ ಬೆಳಕನ್ನು ಬೇಕಾದಲ್ಲಿಗೆ ಎಸೆಯುತ್ತದೆ. ನಿಧಾನದ ದೀಪಕ್ಕೆ ‘ದೊಡ್ಡಾಕಿ’ ಎಂದೂ ಚುರುಕಿನದಕ್ಕೆ ‘ಸಣ್ಣಾಕಿ’ ಎಂದೂ ಹೆಸರಿಟ್ಟಿದ್ದ. ಅವರಿಬ್ಬರ ಲಗಾಮು ಅವನ ಮುಂದಿನ ಬೋರ್ಡಿನಲ್ಲಿ, ಅಂದರೆ ಕನ್ಸೋಲಿನಲ್ಲಿತ್ತು. ಒಂದು ಚಕ್ರ ತಿರುಗಿಸಿದರೆ ಬೆಳಕು ಅಡ್ಡಡ್ಡ ಹೋಗುತ್ತಿತ್ತು, ಇನ್ನೊಂದು ತಿರುಗಿಸಿದರೆ ಮೇಲೆ ಕೆಳಗೆ. ಬೇಕಾದ ಜಾಗಕ್ಕೆ ಬಂದಾಗ ಗುಂಡಿ ಒತ್ತಿ, ಆ ಜಾಗಕ್ಕೊಂದು ಹೆಸರು ಕೊಟ್ಟು ಕನ್ಸೋಲಿಗೆ ಒಪ್ಪಿಸಿಬಿಡುವುದು. ಆಮೇಲೆ ನಾಟಕದಲ್ಲಿ ಒಂದೊಂದೇ ಗುಂಡಿ ಒತ್ತಿದರೆ ಕನ್ನಡಿ ತಾನಾಗಿಯೇ ಆ ಜಾಗ ಹುಡುಕಿಕೊಂಡು ಹೋಗುತ್ತದೆ. ಬೇರೆ ಊರಿಗೆ ಹೋದಾಗ ಆ ಜಾಗಗಳನ್ನಷ್ಟೇ ಹೊಸದಾಗಿ ತೋರಿಸಿಕೊಟ್ಟರೆ ಸಾಕು, ಉಳಿದದ್ದನ್ನು ಯಂತ್ರ ನೋಡಿಕೊಳ್ಳುತ್ತದೆ. ನಾವು ಬೆರಗಾಗಿ ಮೇಲೆ ನೋಡುತ್ತ ನಿಂತರೆ ಅವನಿಗೆ ಸಿಟ್ಟು. ‘ಕನ್ನಡಿ ನೋಡಬ್ಯಾಡ್ರಿ, ಕನ್ನಡಿ ಎತ್ತ ನೋಡತೈತಿ ಅತ್ತ ನೋಡ್ರಿ’ ಎನ್ನುತ್ತಿದ್ದ.

ಅವನ ಜಾಗಗಳ ಹೆಸರೆಲ್ಲ ದಿಕ್ಕಿನವು. ಮೂಡಲ ಬಾಗಿಲು, ಮೂಡಲ ಮೆಟ್ಟಿಲು, ಪಡುವಲ ಬಂಡೆ. ರಂಗದ ಮೇಲೆ ನಾವೆಲ್ಲ ಬಲಕ್ಕೆ ಬಾ, ಎಡಕ್ಕೆ ಹೋಗು ಎನ್ನುವವರು. ಮಾಸ್ತರರು ಅವನಿಗೂ ಅದನ್ನೇ ಕಲಿಸಲು ನೋಡಿ ಸಾಕಾಗಿ ಕೈಬಿಟ್ಟಿದ್ದರು. ‘ಬಲ ಅಂದ್ರ ಯಾರ ಬಲಾರಿ? ನಿಮ್ಮದೋ, ಕುಂತು ನೋಡೋರದೋ? ಮೂಡಲ ಅಂದ್ರ ಎಲ್ಲಾರಿಗೂ ಮೂಡಲ. ಸೂರ್ಯಪ್ಪ ಯಾರ ಮಾರಿ ನೋಡಿ ಹುಟ್ಟಂಗಿಲ್ಲ.’ ನಮ್ಮ ಕಡೆ ಚಹಾದ ಕಪ್ಪನ್ನೂ ಸ್ವಲ್ಪ ಪಡುವಲಕ್ಕೆ ಸರಿಸು ಎನ್ನುವ ಹಿರಿಯರಿದ್ದಾರೆ. ಹಾಗಾಗಿ ಅವನ ಮಾತು ನನಗೆ ಸರಿಯಾಗಿಯೇ ಕಂಡಿತ್ತು.

ಈಗ ನನ್ನ ಕಣ್ಣಿನ ಸುದ್ದಿಗೆ ಬರುತ್ತೇನೆ. ಹಿಂದಿನ ವರ್ಷದಿಂದ ನನಗೆ ಮಂದ ಬೆಳಕಿನಲ್ಲಿ ಏನೂ ಕಾಣಿಸುತ್ತಿರಲಿಲ್ಲ. ಹಗಲು ಹೇಗೋ ನಡೆಯುತ್ತಿತ್ತು. ಹೊತ್ತು ಮುಳುಗಿತೋ, ಗೋಡೆ ಹಿಡಿದೇ ನಡೆಯಬೇಕು. ನಮ್ಮ ಸೋದರಮಾವನಿಗೆ ಹೀಗೆಯೇ ಸಂಜೆಗತ್ತಲಿನಿಂದ ಶುರುವಾಗಿ ಕಡೆಗೆ ಹಗಲೂ ಕತ್ತಲಾಗಿತ್ತು. ನನಗೂ ಅದೇ ಬಂತು ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಿದ್ದೆ. ಡಾಕ್ಟರ ಬಾಯಿಂದ ಅದನ್ನು ಕೇಳುವ ಧೈರ್ಯ ಇರಲಿಲ್ಲ. ಯಾರಿಗಾದರೂ ಹೇಳಿದರೆ ಮೊದಲು ಹೋಗುವುದು ನಾಟಕ. ಅದೊಂದನ್ನು ಬಿಡಲು ನನಗೆ ಸುತಾರಾಂ ಮನಸ್ಸಿರಲಿಲ್ಲ.

ಆದರೆ ನಾಟಕದ ಕೊನೆಯೇ ಕತ್ತಲಿನಲ್ಲಿತ್ತು. ಎದೆಮಟ್ಟದ ಕಟ್ಟೆಯ ಮೇಲೊಂದು ಮನೆ. ಒಳಗೆ ಹೆರಿಗೆಯಾಗಿದೆ. ನಸುಕಿನಲ್ಲಿ ಸೂಲಗಿತ್ತಿ ಬಾಗಿಲಿಗೆ ಬಂದು, ಹಿಡಿಕೆಯಿಲ್ಲದ ಮೆಟ್ಟಿಲುಗಳನ್ನು ಇಳಿದು, ಅಂಗಳ ದಾಟಿ, ಬಂಡೆಯ ಹತ್ತಿರ ನಿಂತು ‘ಹೆಣ್ಣು ಹುಟ್ಯಾಳ್ರಿ, ಇಬ್ಬರೂ ಛಲೋ ಅದಾರ’ ಎನ್ನಬೇಕು. ಅಲ್ಲಿಗೆ ನಾಟಕ ಮುಗಿಯುತ್ತದೆ. ತಾಲೀಮಿನಲ್ಲಿ ಹೆಜ್ಜೆ ಎಣಿಸಿಕೊಂಡು, ಪಾದದಿಂದ ತಡವಿ ಹೇಗೋ ಸುಧಾರಿಸುತ್ತಿದ್ದೆ. ಮಾಸ್ತರರು ಅದನ್ನು ಮುದುಕಿಯ ನಡಿಗೆ ಎಂದು ಹೊಗಳಿದ್ದೂ ಆಯಿತು.

ಬಸಪ್ಪನಿಗೆ ಮೋಸ ಮಾಡಲು ಆಗಲಿಲ್ಲ. ಒಂದು ಮಧ್ಯಾಹ್ನ ಕಿಟಕಿಗೆಲ್ಲ ಗೋಣಿತಟ್ಟು ಕಟ್ಟಿ ದೀಪ ಕೂರಿಸುತ್ತಿದ್ದವನು ಬಂದು ನನ್ನ ಪಕ್ಕ ಕುಳಿತ. ಆ ಮೂಲೆಯಲ್ಲಿ ನಿಂತವರು ಯಾರು ಎಂದು ಕೇಳಿದ. ಮಸುಕಾಗಿ ಎತ್ತರದ್ದೇನೋ ಕಂಡಿತು. ಮಾಸ್ತರರು ಅಲ್ಲವೇ ಎಂದೆ. ಅವನು ಎದ್ದು ಕಿಟಕಿಯ ತಟ್ಟು ಸರಿಸಿದ. ಸುತ್ತಿ ನಿಲ್ಲಿಸಿದ ಜಮಖಾನೆ! ನಗುತ್ತಾನೆಂದು ಕಾದೆ. ಅವನು ನಗಲಿಲ್ಲ.

‘ಅಕ್ಕಾರ, ನೀವು ಮಾತು ಮುಗದ ಮ್ಯಾಲ ಹೆಜ್ಜಿ ಇಡಂಗಿಲ್ಲ. ಬೆಳಕ ಬಂದ ಮ್ಯಾಲ ಇಡ್ತೀರಿ. ನಾ ಬೋರ್ಡಿನ ಮುಂದ ಕುಂತು ದಿನಾ ನೋಡಾಕತ್ತೇನಿ.’

ಸೋದರಮಾವನಿಂದ ಹಿಡಿದು ಎಲ್ಲವನ್ನೂ ಅವನ ಮುಂದೆ ಕಕ್ಕಿಬಿಟ್ಟೆ. ಅಳುವೂ ಬಂತು. ಅವನು ಕನ್ನಡಿ ತೆಗೆದು ಕೂದಲು ಬಾಚಿದ. ಅವನು ವಿಚಾರ ಮಾಡುತ್ತಿದ್ದದ್ದೇ ಹಾಗೆ.

‘ನಾಟಕ ಮುಗಿಯೋತನಕ ನಿಮ್ಮ ಮುಂದ ಒಂದು ಹೆಜ್ಜಿ ಬೆಳಕ ಇರತೈತಿ. ಯಾರಿಗೂ ಹೇಳಂಗಿಲ್ಲ. ಆದ್ರ ಕಡೀ ಆಟ ಮುಗದ ಮರುದಿನ ನೀವು ದವಾಖಾನಿಗೆ ಹೋಗಬೇಕು. ಹೂಂ ಅನ್ರಿ.’

ಹೂಂ ಅಂದೆ. ಆ ಕೆಲಸವನ್ನು ಅವನು ಸಣ್ಣಾಕಿಗೆ ಕೊಟ್ಟ. ನನ್ನನ್ನು ಬಾಗಿಲಿನಲ್ಲಿ ನಿಲ್ಲಿಸಿ, ಪಾದದ ಮುಂದೆ ರೊಟ್ಟಿಯಗಲದ ಬೆಳಕು ಬೀಳುವಂತೆ ಚಕ್ರ ತಿರುಗಿಸಿ, ಗುಂಡಿ ಒತ್ತಿ, ಮುಂದಿನ ಮೆಟ್ಟಿಲಿಗೆ ಬರ್ರಿ ಎನ್ನುವನು. ಒಂದು ಕೂದಲೆಳೆ ಆಚೀಚೆಯಾದರೂ ಮತ್ತೆ ಮೊದಲಿನಿಂದ. ನನ್ನ ಮೊಣಕಾಲು ನೋಯುತ್ತದೆ ಎಂದರೆ ಸಣ್ಣಾಕಿಗೂ ನೋಯುತ್ತದೆ ಎನ್ನುವನು. ಕೊನೆಗೆ ಎಷ್ಟು ಹದ ಬಂತೆಂದರೆ, ನಾನು ಹೆಜ್ಜೆ ಎತ್ತುವ ಮೊದಲೇ ಬೆಳಕು ಮುಂದಿನ ಮೆಟ್ಟಿಲಲ್ಲಿ ಕಾದು ಕೂತಿರುತ್ತಿತ್ತು. ನಸುಕು ತಾನೇ ಮೆಟ್ಟಿಲಿಳಿದು ಬಂದಂತಿದೆ ಎಂದು ಮಾಸ್ತರರು ಖುಷಿಪಟ್ಟರು. ಬಸಪ್ಪ ಆ ಹೊಗಳಿಕೆಯನ್ನೆಲ್ಲ ಸಂಕೋಚವಿಲ್ಲದೆ ತೆಗೆದುಕೊಂಡ. ಕೊಪ್ಪಳದ ಆಟ, ಯಲಬುರ್ಗಾದ ಆಟ ಹೂವೆತ್ತಿದ ಹಾಗೆ ಮುಗಿದವು.

ಆ ವರ್ಷದ ಕಡೆಯ ಆಟ ಗಂಗಾವತಿಯಲ್ಲಿ. ಮನೆಯ ಸೆಟ್ಟು ತರುತ್ತಿದ್ದ ಲಾರಿ ದಾರಿಯಲ್ಲಿ ಕೆಟ್ಟು ನಿಂತಿತು. ಸುಮ್ಮನೆ ಕೂರುವ ಜಾತಿಯಲ್ಲ ಬಸಪ್ಪ. ಬರಿಯ ರಂಗದ ಮೇಲೆಯೇ ಸೀಮೆಸುಣ್ಣದಿಂದ ಅಳತೆ ಎಳೆದು, ಮಧ್ಯಾಹ್ನವೇ ಸಣ್ಣಾಕಿಗೆ ಎಲ್ಲ ಜಾಗ ತೋರಿಸಿ ಮುಗಿಸಿದ. ಮೂಡಲ ಬಾಗಿಲನ್ನು ಮೂಡಲಕ್ಕೇ ತೋರಿಸಿದ, ಪಡುವಲ ಬಂಡೆಯನ್ನು ಪಡುವಲಕ್ಕೇ. ಕೊಪ್ಪಳ, ಯಲಬುರ್ಗಾ ಎರಡೂ ಕಡೆ ರಂಗದ ಮುಖ ಬಡಗಲಿಗಿತ್ತು. ಗಂಗಾವತಿಯಲ್ಲಿ ತೆಂಕಲಿಗೆ. ಅದು ಯಾರ ತಲೆಗೂ ಹೊಳೆಯಲಿಲ್ಲ. ಹೊತ್ತು ಮುಳುಗುವಾಗ ಲಾರಿ ಬಂತು. ಹುಡುಗರು ಎಂದಿನಂತೆ ನಟರ ಬಲಕ್ಕೆ ಬಾಗಿಲು ಬರುವ ಹಾಗೆ ಮನೆ ಕಟ್ಟಿದರು. ಅಂದರೆ ಬಾಗಿಲು ಹೋಗಿ ಪಡುವಲಕ್ಕೆ ನಿಂತಿತು. ಅಷ್ಟರಲ್ಲಿ ಜನ ಬಂದು ಕೂತಾಗಿತ್ತು. ಒಂದು ಸಲ ನಡೆದು ನೋಡಲೂ ಸಮಯವಿರಲಿಲ್ಲ.

ಉಳಿದ ನಾಟಕ ಸಾದಾ ದೀಪಗಳಲ್ಲಿ ಚೆನ್ನಾಗಿಯೇ ನಡೆಯಿತು. ಕೊನೆಗೆ ಎಲ್ಲ ಆರಿತು. ನಾನು ಬಾಗಿಲಿಗೆ ಬಂದು ನಿಂತೆ. ಪಾದದ ಮುಂದೆ ಬೆಳಕಿಲ್ಲ. ರಂಗದ ಆ ತುದಿಯಲ್ಲಿ, ಯಾರೂ ಇಲ್ಲದ ಕಡೆ, ರೊಟ್ಟಿಯಗಲದ ಬೆಳಕೊಂದು ತಣ್ಣಗೆ ಬಿದ್ದಿತ್ತು. ನನಗೆ ಕಂಡದ್ದು ಅದೊಂದೇ. ಬಸಪ್ಪ ಕೊಟ್ಟ ಬೆಳಕು ಸುಳ್ಳು ಹೇಳುವುದಿಲ್ಲ ಎಂದು ಅದರ ಕಡೆಗೇ ಕಾಲು ಚಾಚಿದೆ. ಕಾಲಿಗೆ ಏನೂ ಸಿಗಲಿಲ್ಲ. ಅದು ಕಟ್ಟೆಯ ಅಂಚು! ಬಾಗಿಲ ಚೌಕಟ್ಟನ್ನು ಅವಚಿಕೊಂಡು ಕಾಲು ಹಿಂದಕ್ಕೆಳೆದೆ. ಮುಗಿಯಿತು ನನ್ನ ನಾಟಕ ಅಂದುಕೊಂಡೆ. ಅಷ್ಟು ಜನರ ಮುಂದೆ ನನಗೆ ಕಣ್ಣು ಕಾಣದ್ದು ಬಯಲಾಗುತ್ತದೆ, ಯಾರೋ ಬಂದು ಕೈಹಿಡಿದು ಕರೆದುಕೊಂಡು ಹೋಗುತ್ತಾರೆ.

ಆಗ ಆ ಬೆಳಕು ಒಂದು ಸಲ ನಡುಗಿತು. ಆಮೇಲೆ ಮೆಲ್ಲಗೆ ಹೊರಟಿತು. ಖಾಲಿ ಅಂಗಳದ ಮೇಲೆ ತಡವರಿಸುತ್ತ, ಬಂಡೆಯನ್ನು ಮುಟ್ಟಿ, ದಾರಿ ತಪ್ಪಿ ಗೋಡೆ ಹತ್ತಿ, ಮತ್ತೆ ಇಳಿದು, ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ ಬಂದು ನನ್ನ ಪಾದದ ಮುಂದೆ ನಿಂತಿತು. ಅವನು ಗುಂಡಿಗಳನ್ನೆಲ್ಲ ಬಿಟ್ಟು, ಎರಡೂ ಚಕ್ರ ಹಿಡಿದು ಕೈಯಿಂದಲೇ ಸಣ್ಣಾಕಿಯನ್ನು ನಡೆಸುತ್ತಿದ್ದ. ನನಗೆ ಹೋದ ಜೀವ ಬಂತು. ಹೆಜ್ಜೆ ಇಟ್ಟೆ. ಅದು ಒಂದು ಮೆಟ್ಟಿಲು ಇಳಿಯಿತು, ನಾನೂ ಇಳಿದೆ. ಬಂಡೆಯ ಹತ್ತಿರ ನಿಂತು ‘ಇಬ್ಬರೂ ಛಲೋ ಅದಾರ’ ಅನ್ನುವಾಗ ಅತ್ತೇ ಬಿಟ್ಟಿದ್ದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬೆಳಕು ಸೂಲಗಿತ್ತಿಯನ್ನು ಹುಡುಕಿಕೊಂಡು ಬರುವುದು ಎಂಥ ಕಲ್ಪನೆ ಎಂದು ಮಾಸ್ತರರನ್ನು ಯಾರೋ ತಬ್ಬಿಕೊಂಡರಂತೆ. ಮಾಸ್ತರರು ಅದು ತಮ್ಮದೇ ಕಲ್ಪನೆ ಎಂಬಂತೆ ನಕ್ಕರಂತೆ.

ನಾನು ಓಡಿದ್ದು ಕನ್ಸೋಲಿನ ಹತ್ತಿರ. ಬಸಪ್ಪ ಇನ್ನೂ ಚಕ್ರ ಬಿಟ್ಟಿರಲಿಲ್ಲ. ಅಂಗಿ ಬೆವರಿಗೆ ಮೈಗಂಟಿತ್ತು. ತಪ್ಪು ಒಪ್ಪಿಕೊಳ್ಳುವ ಆಸಾಮಿಯಲ್ಲವಲ್ಲ, ಮೊದಲು ಸೆಟ್ಟಿನ ಹುಡುಗರನ್ನು ಬೈದ.

‘ಮೂಡಲ ಇದ್ದಲ್ಲೇ ಐತ್ರಿ. ಮನಿ ಬಾಗಿಲಾನ ದಿಕ್ಕ ಬದಲಿಸ್ತು.’ ಆಮೇಲೆ ದನಿ ತಗ್ಗಿಸಿ, ‘ನಿಮ್ಮ ಕಾಲ ಗಾಳ್ಯಾಗ ಕಂಡಾಗ ನನ್ನ ಎದಿ ನಿಂತಿತ್ರಿ ಅಕ್ಕಾರ. ಬಲ, ಎಡ ಅನ್ನೋದ ಕಲೀಬೇಕಿತ್ತು’ ಎಂದ. ಬಾಚಿಕೊಳ್ಳಲು ಕನ್ನಡಿ ತೆಗೆದ. ಬಾಚದೆಯೇ ಮತ್ತೆ ಜೇಬಿಗಿಟ್ಟ.

ಮರುದಿನ ಅವನೇ ಮುಂದೆ ನಿಂತು ಗಂಗಾವತಿಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ದೀಪ ಬಿಟ್ಟು ನೋಡಿ, ಇದು ನಿಮ್ಮ ಮಾವನ ರೋಗವಲ್ಲ, ಬರೀ ಪೊರೆ, ತೆಗೆದರೆ ಹೋಯಿತು ಎಂದರು. ಇಷ್ಟಕ್ಕೆ ವರ್ಷವಿಡೀ ಹೆದರಿ ಸತ್ತೆನಲ್ಲ ಎಂದು ನಗುವೂ ಅಳುವೂ ಒಟ್ಟಿಗೇ ಬಂದವು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಬಸಪ್ಪನಿಗೆ ಹೇಳಿದೆ. ಹಂಗಾರ ಸಣ್ಣಾಕಿಗೆ ಕೆಲಸ ಹೋಯಿತು ಎಂದ.

ಅವನು ಹೇಳಿದಂತೆಯೇ ಆಯಿತು. ಆ ದೀಪಗಳ ಬಲ್ಬು ಸಿಗುವುದು ನಿಂತುಹೋಯಿತು. ಈಗ ತಂಡಕ್ಕೆ ದೀಪದ ತಲೆಯೇ ತಿರುಗುವ ಹೊಸ ಲೈಟುಗಳು ಬಂದಿವೆ. ಅವುಗಳಲ್ಲಿ ಕನ್ನಡಿಯೇ ಇಲ್ಲ ಎಂದು ಬಸಪ್ಪ ಮುಖ ಸಿಂಡರಿಸಿ, ಬೋರ್ಡು ಬಿಟ್ಟು ನವಲಿ ಊರಿನಲ್ಲಿರುವ ಮಗಳ ಮನೆ ಸೇರಿದ. ಪೊರೆ ತೆಗೆಸಿಕೊಂಡ ಮೇಲೆ ನಾನು ಅದೇ ನಾಟಕದಲ್ಲಿ ಅದೇ ಮೆಟ್ಟಿಲುಗಳನ್ನು ಯಾರ ಬೆಳಕಿನ ಹಂಗೂ ಇಲ್ಲದೆ ಇಳಿಯುತ್ತೇನೆ. ಆದರೂ ಬಾಗಿಲಿಗೆ ಬಂದ ಕೂಡಲೇ ಕಣ್ಣು ಪಾದದ ಮುಂದೆ ಹುಡುಕುತ್ತದೆ.

ಮೊನ್ನೆ ನವಲಿಗೆ ಹೋಗಿದ್ದೆ. ಭತ್ತ ಕೊಯ್ಲಿಗೆ ಬಂದಿತ್ತು. ಗದ್ದೆಯ ನಡುವೆ ಕೋಲಿಗೆ ಕಟ್ಟಿದ ಸಣ್ಣಾಕಿಯ ಕನ್ನಡಿ ಗಾಳಿಗೆ ತಿರುಗುತ್ತಿತ್ತು. ಬೆಳಕು ತೆನೆಗಳ ಮೇಲೆ ಹಾರಾಡಿದಂತೆಲ್ಲ ಗುಬ್ಬಿಗಳು ದಿಕ್ಕೆಟ್ಟು ಏಳುತ್ತಿದ್ದವು. ಇದಕ್ಕೆ ಪ್ರೋಗ್ರಾಮು ಯಾರು ಮಾಡಿದರು ಎಂದು ಕೆಣಕಿದೆ. ಗಾಳಿಗೆ ಬಿಟ್ಟೇನಿ, ನನಗಿಂತ ಛಲೋ ಮಾಡತೈತಿ ಎಂದ. ಬೇರೆ ಯಾರನ್ನಾದರೂ ತನಗಿಂತ ಮೇಲು ಎಂದು ಅವನು ಒಪ್ಪಿದ್ದು ಅದೊಂದೇ ಸಲ.

ಬಸ್ಸಿಗೆ ಹೊರಡುವಾಗ ಮಸುಕಾಗಿತ್ತು. ಗದ್ದೆಯ ಬದುವಿನ ಮೇಲೆ ಅವನು ಮುಂದೆ, ನಾನು ಹಿಂದೆ. ಮೂಡಲಕ್ಕೆ ತಿರುಗ್ರಿ, ಇಲ್ಲಿ ಕೆಸರೈತಿ, ಇಲ್ಲಿ ಕಾಲುವೆ ಐತಿ ಎಂದು ಹೆಜ್ಜೆ ಹೆಜ್ಜೆಗೂ ಹೇಳುತ್ತ ನಡೆದಿದ್ದ. ಕೆಸರೂ ಕಾಣುತ್ತಿತ್ತು, ಕಾಲುವೆಯೂ ಕಾಣುತ್ತಿತ್ತು. ಸ್ವಲ್ಪ ದೂರ ಸುಮ್ಮನೆ ಅವನ ಹಿಂದೆ ನಡೆದೆ.

‘ಬಸಪ್ಪಾ, ನನಗ ಎಲ್ಲಾ ಕಾಣಸ್ತೈತೋ.’

ಅವನು ನಿಂತ. ತಿರುಗಿ ನನ್ನ ಕಣ್ಣುಗಳನ್ನೇ ನೋಡಿದ.

‘ಹಂಗಾರ ನೀವ ಮುಂದ ನಡೀರಿ’ ಎಂದು, ಬದುವಿನಿಂದ ಕೆಸರಿಗಿಳಿದು ದಾರಿ ಬಿಟ್ಟ. ನಾನು ಮುಂದೆ ನಡೆದೆ.