ಮೂರು ಪುಟ ಮುಂದೆ

ನಸೀಮಾ, ಹದಿನೇಳು ವರ್ಷಗಳ ಹಿಂದೆ ನನ್ನ ಟಿಪ್ಪಣಿ ಪುಸ್ತಕವನ್ನು ನಿಮ್ಮೆದುರು ತೆರೆದಿಟ್ಟಾಗ ನಾನು ತೋರಿಸಿದ ಪುಟ ಸರಿಯಾದ ಪುಟವಲ್ಲ. ಸರಿಯಾದ ಪುಟ ಅಲ್ಲಿಂದ ಮೂರು ಪುಟ ಮುಂದೆ ಇತ್ತು. ಅದು ಅಲ್ಲಿದೆಯೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ತಿರುಗಿಸಲಿಲ್ಲ. ಆ ಮೀನನ್ನು ಹಿಡಿದವರು ನಿಮ್ಮ ತಂದೆ.

ನಿಮಗೆ ಆಗ ಹತ್ತು ವರ್ಷವಿರಬಹುದು. ಮರೆತಿರುತ್ತೀರಿ ಎಂದುಕೊಂಡಿದ್ದೆ — ಅಥವಾ ಹಾಗೆಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು. ಮರೆತಿಲ್ಲವೆಂದು ಹೋದ ತಿಂಗಳು ತಿಳಿಯಿತು. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ, ನಿಮಗೆ ಗೊತ್ತಿರುವುದನ್ನೂ ಸೇರಿಸಿ.

ಆಗ ನಾನು ರಾಮನಗರದಲ್ಲಿ ಒಂದು ದಿನಪತ್ರಿಕೆಯ ಜಿಲ್ಲಾ ವರದಿಗಾರ. ಜಿಲ್ಲೆ ಹೊಸದು. ಮರಳವಾಡಿ ಕಡೆ ಹಿಪ್ಪುನೇರಳೆ ತೋಟಗಳ ನಡುವೆ ಕಾರ್ಖಾನೆಗಳ ತಗಡಿನ ಛಾವಣಿಗಳು ಒಂದೊಂದಾಗಿ ಏಳುತ್ತಿದ್ದ ಕಾಲ. ಅಂಥ ಒಂದು ಕಾರ್ಖಾನೆಯ ಮಾಲೀಕರು ಶಿವಪ್ರಸಾದ್. ವಾಹನಗಳ ಬಿಡಿಭಾಗ ತಯಾರಿಸುತ್ತಿದ್ದರು. ವರ್ಷಕ್ಕೊಮ್ಮೆ ತಮ್ಮ ವಿದೇಶಿ ಗ್ರಾಹಕರ ಜೊತೆ ಬೆಚ್ಚಗಿನ ಕಡಲುಗಳಿಗೆ ಮೀನು ಹಿಡಿಯಲು ಹೋಗುವುದು ಅವರ ಹವ್ಯಾಸ. ಬಲೆಯಲ್ಲ, ಎರೆಹುಳ ಸಿಕ್ಕಿಸುವ ಗಾಳವೂ ಅಲ್ಲ. ಫ್ಲೈ ಫಿಶಿಂಗ್ ಎನ್ನುತ್ತಾರೆ. ಗರಿ, ನೂಲು ಸುತ್ತಿ ಮಾಡಿದ ಹುಸಿ ನೊಣವನ್ನು ದಾರದ ತುದಿಗೆ ಕಟ್ಟಿ, ಉದ್ದನೆಯ ಬಳುಕುವ ಕೋಲಿನಿಂದ ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಬೀಸಿ, ದೂರದ ನೀರಿನ ಮೇಲೆ ಇಳಿಸಬೇಕು. ಕಡಲಿನ ದೊಡ್ಡ ಮೀನಿಗೆ ಸಣ್ಣ ನೊಣ ಸಾಲದು. ಮರದ ತಲೆ, ಗರಿಯ ಬಾಲ ಇರುವ ಬೆರಳುದ್ದದ್ದು ಬೇಕು. ತಲೆಯ ಮುಂಭಾಗವನ್ನು ಬಟ್ಟಲಿನಂತೆ ತೋಡಿರಬೇಕು. ದಾರ ಎಳೆದರೆ ಆ ಬಾಯಿ ಗುಳುಂ ಎಂದು ನೀರು ಚಿಮ್ಮಿಸುತ್ತದೆ. ಸದ್ದಿಗೆ ಮೀನು ಮೇಲೇಳುತ್ತದೆ.

ಆ ಮರದ ತಲೆಗಳನ್ನು ಕಡೆಯುತ್ತಿದ್ದವರು ನಿಮ್ಮ ತಂದೆ, ಖಲೀಲ್ ಭಾಯ್. ಚನ್ನಪಟ್ಟಣದ ನಿಮ್ಮ ಓಣಿಯಲ್ಲಿ, ಮನೆಯ ಮುಂಗೋಣೆಯ ಲೇತಿನಲ್ಲಿ, ಬುಗುರಿ ಗಿಲಕಿಗಳ ನಡುವೆ. ತೊಂದರೆ ಎರಡಿತ್ತು: ಉಪ್ಪುನೀರಿಗೆ ಅರಗಿನ ಬಣ್ಣ ಬೂದುಗಟ್ಟುತ್ತಿತ್ತು, ಮತ್ತು ಎಳೆದಾಗ ಮೂತಿ ನೀರಿನೊಳಕ್ಕೆ ಹೋಗುತ್ತಿತ್ತು. ಮೂರು ಸಲ ತಿದ್ದಿ ಕಳಿಸಿದರೂ ಸರಿಹೋಗದಾಗ ಮಾಲೀಕರು, "ಖಲೀಲ್, ಇಲ್ಲಿ ಕೂತು ಹೇಳಿದ್ರೆ ನಿಂಗ್ ತಿಳಿಯಲ್ಲ. ಬಾ, ನೀರಲ್ಲೇ ನೋಡು" ಎಂದರು. ಹೀಗೆ ನಿಮ್ಮ ತಂದೆ ಅಂಡಮಾನಿಗೆ ಹೊರಟರು. ವರದಿ ಮಾಡಲು ನಾನೂ ಹೊರಟೆ. ನನ್ನ ಖರ್ಚೂ ಮಾಲೀಕರದೇ. ಅದನ್ನು ಆಗ ಓದುಗರಿಗೆ ತಿಳಿಸಲಿಲ್ಲ.

ಇಲ್ಲಿ ನನ್ನ ಒಂದು ಅಭ್ಯಾಸದ ಬಗ್ಗೆ ಹೇಳಬೇಕು. ನಿರೀಕ್ಷಿತ ಸುದ್ದಿಯನ್ನು ನಾನು ಮೊದಲೇ ಬರೆದಿಡುತ್ತಿದ್ದೆ — ಅಂಕಿಗಳ ಜಾಗ ಖಾಲಿ ಬಿಟ್ಟು. ಚುನಾವಣೆ, ಸಮಾರಂಭ, ಮಂತ್ರಿಗಳ ಭೇಟಿ ಎಲ್ಲಕ್ಕೂ ಇದೇ ಪದ್ಧತಿ. ಕಚೇರಿಗೆ ಎಲ್ಲರಿಗಿಂತ ಮೊದಲು ನನ್ನ ಸುದ್ದಿ ತಲುಪುತ್ತಿತ್ತು. ವಿಮಾನದಲ್ಲಿ ಕುಳಿತು ನೀಲಿ ಇಂಕಿನಲ್ಲಿ ಹೀಗೆ ಬರೆದುಕೊಂಡೆ: "ಮರಳವಾಡಿ ಬಳಿಯ ಉದ್ಯಮಿ ಶಿವಪ್ರಸಾದ್ ಅವರು ಅಂಡಮಾನ್ ಕಡಲಿನಲ್ಲಿ — ಕೆ.ಜಿ. ತೂಕದ ಮೀನನ್ನು — ನಿಮಿಷ ಸೆಣಸಿ ಹಿಡಿದಿದ್ದಾರೆ. ಬಳಸಿದ ಗಾಳದ ಮರದ ತಲೆ ಚನ್ನಪಟ್ಟಣದ್ದು." ಮೀನು ಸಿಗದಿದ್ದರೆ ಪುಟ ಹರಿಯುವುದು. ಅಷ್ಟೇ ಇದ್ದದ್ದು ನನ್ನ ತಲೆಯಲ್ಲಿ.

ನಿಮ್ಮ ತಂದೆ ಕಡಲು ನೋಡಿದ್ದು ಅದೇ ಮೊದಲು. ದೋಣಿಯಿಂದ ಬಗ್ಗಿ ಕೈ ಅದ್ದಿ, "ಕೆಳಗೆ ಯಾರೋ ಒಲೆ ಹಚ್ಚವ್ರೆ ಸಾರ್" ಎಂದರು. ನೀರು ನಿಜಕ್ಕೂ ಸ್ನಾನಕ್ಕೆ ಕಾಯಿಸಿದಷ್ಟು ಬೆಚ್ಚಗಿತ್ತು. ತಾವು ಕಡೆದ ಬೆರಳುದ್ದದ ವಸ್ತುವನ್ನು ಅಲ್ಲಿಯವರು ನೊಣ ಎಂದು ಕರೆಯುವುದು ಅವರಿಗೆ ದೊಡ್ಡ ತಮಾಷೆ. "ಇಂಥ ನೊಣ ನಮ್ಮೂರ್ನಾಗೆ ಇದ್ದಿದ್ರೆ ಹಲಸಿನ ಹಣ್ಣನ್ನೇ ಹೊತ್ಕೊಂಡ್ ಹೋಗ್ತಿದ್ವು." ಎರಡು ದಿನ ದೋಣಿಯ ಮೂಲೆಯಲ್ಲಿ ಕುಳಿತು, ಮಾಲೀಕರು ಬೀಸುವುದನ್ನು ನೋಡುತ್ತ, ಉಜ್ಜುಕಾಗದದಲ್ಲಿ ಮೂತಿಗಳನ್ನು ತಿದ್ದಿದರು. ಹಿಂಭಾಗದಲ್ಲಿ ರಂಧ್ರ ಕೊರೆದು ಸೀಸದ ಚೂರು ತುಂಬಿದ ಮೇಲೆ ಒಂದು ತಲೆ ಮುಳುಗುವುದು ಬಿಟ್ಟಿತು.

ಮೂರನೆಯ ಬೆಳಿಗ್ಗೆ ದೋಣಿಯಲ್ಲಿ ಇದ್ದವರು ನಾಲ್ವರು: ಮಾಲೀಕರು, ನಿಮ್ಮ ತಂದೆ, ದೋಣಿ ನಡೆಸುವವನು, ನಾನು. ವಿದೇಶಿಯರು ಬೇರೆ ದೋಣಿಯಲ್ಲಿ ದೂರವಿದ್ದರು. ಮಾಲೀಕರು ಕೋಲನ್ನು ಪಕ್ಕಕ್ಕಿಟ್ಟು ಚಹಾ ಕುಡಿಯಲು ದೋಣಿಯ ಹಿಂಬದಿಗೆ ಹೋದರು. ನಿಮ್ಮ ತಂದೆ, ತಿದ್ದಿದ ತಲೆ ಹೇಗೆ ಓಡುತ್ತದೋ ನೋಡಬೇಕು, ಒಸಿ ಕೊಡ್ತೀರಾ ಎಂದರು.

"ಬೀಸೋಕ್ ಬರುತ್ತೇನಯ್ಯಾ ನಿಂಗೆ?"

"ಬುಗುರಿ ಮಾಡೋನು ಸ್ವಾಮಿ ನಾನು. ಚಾಟಿ ಬೀಸೋದ್ ಬರಕಿಲ್ವಾ?"

ಎರಡು ಸಲ ದಾರ ಅವರ ಮೈಗೇ ಸುತ್ತಿಕೊಂಡಿತು. ಮಾಲೀಕರು ನಕ್ಕರು, ನಾನೂ ನಕ್ಕೆ. ಮೂರನೆಯ ಸಲ ದಾರ ನೆಟ್ಟಗೆ ಹೋಯಿತು. ಎರಡು ಬಾರಿ ಗುಳುಂ ಎಂದಿತು, ಮತ್ತೆ — ನೀರು ಒಡೆದು ಬೆಳ್ಳಿಯ ಬಣ್ಣದ ಒಂದು ಬೆನ್ನು ಕಂಡಿತು. ದಾರ ಅವರ ಬೆರಳ ಸಂದಿನಿಂದ ಸರ್ರನೆ ಓಡಿ ಎರಡು ಬೆರಳು ಕುಯ್ದುಹೋದವು. ಕೋಲು ಬಿಡಲಿಲ್ಲ. ಮಾಲೀಕರು "ಎಳೀಬೇಡ, ಎಳೀಬೇಡ, ಹೋಗಕ್ ಬಿಡು!" ಎಂದು ಕೂಗುತ್ತಿದ್ದರೇ ಹೊರತು ಕೋಲಿಗೆ ಕೈ ಹಾಕಲಿಲ್ಲ. ಬೇರೆಯವರು ಮುಟ್ಟಿದರೆ ಆ ಮೀನು ಹಿಡಿದವನ ಲೆಕ್ಕಕ್ಕೆ ಸೇರುವುದಿಲ್ಲ ಎಂಬುದು ಆ ಆಟದ ನಿಯಮ, ಅದನ್ನು ಅವರು ಪಾಲಿಸಿದರು. ಇದು ಅವರ ಬಗ್ಗೆ ಹೇಳಲೇಬೇಕಾದ ಮಾತು. ನಲವತ್ತೊಂದು ನಿಮಿಷ. ನಾನು ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದೆ.

ಮೀನು ಪಕ್ಕಕ್ಕೆ ಬಂದಾಗ ನಿಮ್ಮ ತಂದೆಯ ಕೈಗಳು ಅದನ್ನು ಎತ್ತುವ ಸ್ಥಿತಿಯಲ್ಲಿರಲಿಲ್ಲ. ಬಕೆಟಿನ ನೀರಿನಲ್ಲಿ ಕೈ ಇಳಿಬಿಟ್ಟು ಕುಳಿತಿದ್ದರು. ತೂಗಿದ ಮೇಲೆ ಫೋಟೊಗಾಗಿ ಮೀನನ್ನು ಎತ್ತಿ ಹಿಡಿದವರು ಮಾಲೀಕರು. ನಾನು ತೆಗೆದೆ. ಚೌಕಟ್ಟಿನಲ್ಲಿ ಬಕೆಟಿನ ಅಂಚು ಮಾತ್ರ ಬಂದಿದೆ. ನಂತರ ಆ ಆಟದ ರೂಢಿಯಂತೆ ಮೀನನ್ನು ನೀರಿಗೆ ಬಿಟ್ಟರು. ನಿಮ್ಮ ತಂದೆ ಎದ್ದು ನಿಂತುಬಿಟ್ಟರು. "ಬುಟ್ಬುಟ್ರಾ? ಇಷ್ಟ್ ಕಷ್ಟಪಟ್ಟು ಹಿಡ್ದು ಬುಡೋದಾ? ಊರ್ನಾಗೆ ಹೇಳುದ್ರೆ ಹೊಡೀತಾರೆ ಸಾರ್ ನಂಗೆ!" ಆಮೇಲೆ ಅದು ಹೋದ ದಿಕ್ಕನ್ನೇ ನೋಡುತ್ತ ಕುಳಿತರು. ಸ್ವಲ್ಪ ಹೊತ್ತಾದ ಮೇಲೆ, "ನನ್ನೆಸ್ರು ಬರ್ಕೊಂಡ್ರಾ ಸಾರ್?" ಎಂದು ಕೇಳಿದರು. ಬರೆದುಕೊಂಡಿದ್ದೆ. ಪುಟ ತೋರಿಸಿ ಹೆಸರಿನ ಕೆಳಗೆ ಬೆರಳಿಟ್ಟೆ. ಅವರಿಗೆ ಕನ್ನಡ ಅಷ್ಟಾಗಿ ಓದಲು ಬರುತ್ತಿರಲಿಲ್ಲ, ಆದರೆ ಆ ಪುಟವನ್ನು ಅವರು ನೋಡಿದ್ದಾರೆ.

ಸಂಜೆ ದ್ವೀಪದ ಒಂದೇ ಒಂದು ಟೆಲಿಫೋನ್ ಅಂಗಡಿಯಲ್ಲಿ ಸಾಲು. ಲೈನ್ ಸಿಕ್ಕಿದಾಗ ಕಚೇರಿಯಲ್ಲಿ ಪತ್ರಿಕೆಯ ಪುಟ ಮುಗಿಸುವ ಹೊತ್ತು ಹತ್ತಿರ ಬಂದಿತ್ತು. ನೀಲಿ ಇಂಕಿನ ಪುಟ ತೆಗೆದೆ. ಖಾಲಿ ಜಾಗದಲ್ಲಿ ಹದಿನೆಂಟು, ನಲವತ್ತೊಂದು ಎಂದು ಕೈಗೆ ಸಿಕ್ಕಿದ ಕಪ್ಪು ಪೆನ್ನಿನಲ್ಲಿ ತುಂಬಿದೆ. ಓದಿ ಹೇಳಿದೆ. ಆ ಕಡೆಯಿಂದ ಉಪಸಂಪಾದಕರು, "ಹಿಡಿದದ್ದು ಮಾಲೀಕರೇ ತಾನೇ? ಹೆಡ್ಡಿಂಗಿಗೆ ಬೇಕು" ಎಂದರು. ಒಂದು ಹೆಸರು ಬದಲಿಸಿದರೆ ಸಾಕಿತ್ತು. ಬದಲಿಸಿದರೆ ಮೊದಲ ಸಾಲು ಬೇರೆ ಬರೆಯಬೇಕು, ಇವರು ಯಾರು, ಯಾಕೆ ಅಲ್ಲಿದ್ದರು ಎಂದು ವಿವರಿಸಬೇಕು —

"ಹೌದು" ಎಂದೆ.

ಯಾರೂ ನನ್ನನ್ನು ಒತ್ತಾಯಿಸಲಿಲ್ಲ. ಮಾಲೀಕರು ಹೀಗೆ ಬರೆಯಿರಿ ಎಂದು ಕೇಳಿರಲೇ ಇಲ್ಲ. ಫೋಟೊಗಾಗಿ ಕಾದು ಕಚೇರಿಯವರು ಸುದ್ದಿಯನ್ನು ನಾವು ಊರಿಗೆ ಮರಳಿದ ಮೇಲೆ ಅಚ್ಚು ಹಾಕಿದರು. ಆ ದಿನ ಮಾಲೀಕರೇ ಫೋನ್ ಮಾಡಿ, "ಏನ್ ಸಾರ್, ನಾನೇ ಹಿಡ್ದೆ ಅಂತ ಹಾಕ್ಬಿಟ್ಟಿದ್ದೀರ!" ಎಂದು ನಕ್ಕರು. ಆಮೇಲೆ, "ಇರ್ಲಿ ಬಿಡಿ" ಎಂದರು. ಇರಲಿ ಎಂದು ನಾನೂ ಬಿಟ್ಟೆ.

ಅಷ್ಟರಲ್ಲಿ ನಿಮ್ಮ ತಂದೆ ಓಣಿಯಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದರು. ಪತ್ರಿಕೆ ಬಂತು. ಮಾಲೀಕರ ತೋಳಿನಲ್ಲಿ ಮೀನು, ಕೆಳಗೆ ಮಾಲೀಕರ ಹೆಸರು. ಅದಾಗಿ ಒಂದು ವಾರಕ್ಕೆ ನಿಮ್ಮ ಓಣಿಯ ಮೂಲೆಯ ಚಹಾದಂಗಡಿಯಲ್ಲಿ ನಾನೇ ಕಿವಿಯಾರೆ ಕೇಳಿದ್ದು: "ಏನ್ ಮೀನ್ ಖಲೀಲ್, ಇವತ್ತೆಷ್ಟ್ ಹಿಡ್ದೆ?" ಇನ್ನೊಬ್ಬ, "ಹಿಡ್ದು ಬುಟ್ಬುಟ್ಟ ಕಣ್ಲಾ, ದೊಡ್ಡ ಮನಸು!" ನಿಮ್ಮ ತಂದೆ ಲೋಟ ಇಟ್ಟು ಹೋದರು. ನಾನು ಕಂಬದ ಮರೆಯಲ್ಲಿದ್ದೆ. ಅವರು ನನ್ನನ್ನು ನೋಡಲಿಲ್ಲ. ನೋಡದಿರಲಿ ಎಂದೇ ಅಲ್ಲಿ ನಿಂತಿದ್ದೆ.

ಮುಂದಿನ ಭಾಗ ನಿಮ್ಮ ಕಣ್ಣೆದುರೇ ನಡೆದದ್ದು. ಅವರು ನಿಮ್ಮನ್ನು ಕರೆದುಕೊಂಡು ನನ್ನ ಕಚೇರಿಗೆ ಬಂದರು. ನೀವು ಶಾಲೆಯ ಸಮವಸ್ತ್ರದಲ್ಲಿದ್ದಿರಿ.

"ಪೇಪರ್‌ನಾಗೆ ಏನೂ ಹಾಕ್ಬೇಡಿ ಸಾರ್" ಎಂದರು. "ನಂಗೆ ಅದ್ ಬೇಕಿಲ್ಲ. ಇವ್ಳು ಕೇಳ್ತಾಳೆ — ಅಬ್ಬಾ, ನೀನ್ ಹೇಳಿದ್ದು ನಿಜವಾ, ಪೇಪರ್ ನಿಜವಾ ಅಂತ. ಇವ್ಳಿಗೆ ಒಂದ್ ಮಾತ್ ಹೇಳ್ಬುಡಿ. ಸಾಕು."

ತಿದ್ದುಪಡಿಯನ್ನೂ ಕೇಳಲಿಲ್ಲ ಅವರು. ಹತ್ತು ವರ್ಷದ ವೃತ್ತಿಯಲ್ಲಿ ನನ್ನ ಸುದ್ದಿಗೆ ಒಂದೂ ತಿದ್ದುಪಡಿ ಬಂದಿಲ್ಲ ಎಂದು ನಾನು ಹೇಳಿಕೊಂಡು ತಿರುಗುತ್ತಿದ್ದವನು. ಒಂದು ಮಗುವಿಗೆ ಹೇಳಿದರೆ ಅದು ಹೊರಗೆ ಹೋಗುತ್ತದೆ, ಹೋದರೆ — ಅಷ್ಟು ಯೋಚನೆಯೂ ಪೂರ್ತಿ ಮಾಡಿದೆನೆಂದು ಹೇಳಲಾರೆ. ಪಕ್ಕದ ಮೇಜಿನಲ್ಲಿ ಇಬ್ಬರು ಸಹೋದ್ಯೋಗಿಗಳು ತಲೆ ಎತ್ತಿದ್ದರು. ನಾನು ಡ್ರಾಯರ್ ಎಳೆದು, "ನನ್ನ ಟಿಪ್ಪಣಿಯಲ್ಲಿ ಏನಿದೆಯೋ ಅದೇ ನಿಜ. ನೀನೇ ಓದಮ್ಮ" ಎಂದೆ. ನೀಲಿ ಇಂಕಿನ ಪುಟ ತೆರೆದು ನಿಮ್ಮ ಮುಂದಿಟ್ಟೆ.

ನೀವು ಅಕ್ಷರದ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದಿದಿರಿ. ಹಿಡಿದಿದ್ದಾರೆ ಎಂಬಲ್ಲಿ ನಿಂತಿರಿ. ಮತ್ತೆ ಹಿಂದಕ್ಕೆ ಹೋಗಿ, "ಅಂಕಲ್, ಈ ನಂಬರ್ ಮಾತ್ರ ಯಾಕೆ ಕಪ್ಪು ಇಂಕು?" ಎಂದು ಕೇಳಿದಿರಿ.

"ಪೆನ್ನು ಖಾಲಿಯಾಗಿತ್ತು" ಎಂದೆ.

ನಿಮ್ಮ ತಂದೆ ನಿಮ್ಮನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಇನ್ನೊಂದು ಪುಟ ಇದೆಯೆಂದು ಅವರಿಗೆ ಗೊತ್ತಿತ್ತು. ಪುಸ್ತಕ ಮೇಜಿನ ಮೇಲೆ, ಅವರ ಕೈಗೆ ಎಟಕುವಷ್ಟೇ ದೂರದಲ್ಲಿತ್ತು. ಅವರು ಕೈ ಚಾಚಲಿಲ್ಲ. ಮನೆಯಲ್ಲಿ ನಿಮ್ಮೊಡನೆ ಉರ್ದುವಿನಲ್ಲಿ ಮಾತಾಡುವವರು, ನನಗೂ ತಿಳಿಯಲೆಂದೋ ಏನೋ, ಕನ್ನಡದಲ್ಲೇ ಹೇಳಿದರು: "ಸಮುದ್ರದಾಗೆ ಬಿಸ್ಲು ಜಾಸ್ತಿ ಬೇಟಾ. ನಂಗೇ ಹಂಗ್ ಅನ್ಸಿರ್ಬೇಕು. ಬಾ, ಹೋಗಣ." ನನಗೆ ಕೈಮುಗಿದು ಹೊರಟರು. ನನ್ನ ಸುಳ್ಳನ್ನು ಅವರು ಯಾಕೆ ತಮ್ಮ ಮೇಲೆ ಹಾಕಿಕೊಂಡರು, ನನಗೆ ಇಂದಿಗೂ ಗೊತ್ತಿಲ್ಲ. ಕೇಳುವ ಧೈರ್ಯ ಮಾಡಲಿಲ್ಲ. ಮಾಲೀಕರು ಮರುವರ್ಷವೂ ಮರದ ತಲೆಗಳನ್ನು ಕೇಳಿದರಂತೆ. ನಿಮ್ಮ ತಂದೆ ಮಾಡಿಕೊಡಲಿಲ್ಲ ಎಂದಷ್ಟೇ ತಿಳಿಯಿತು.

ಹೋದ ತಿಂಗಳು ಸಾತನೂರಿನ ಶಾಲೆಯೊಂದಕ್ಕೆ, ಸುದ್ದಿಯನ್ನು ಹೇಗೆ ಓದಬೇಕು ಎಂದು ಮಕ್ಕಳಿಗೆ ತಿಳಿಸಿಕೊಡಲು ಕರೆದರು. ನಿವೃತ್ತರಿಗೆ ಇಂಥ ಕರೆಗಳು ಬರುತ್ತವೆ. ಸ್ವಾಗತ ಮಾಡಲು ಎದ್ದ ಶಿಕ್ಷಕಿ ನೀವು. ಹೆಸರು ಕೇಳುವವರೆಗೆ ನನಗೆ ಗುರುತಾಗಲಿಲ್ಲ.

ನೀವು ಮಕ್ಕಳಿಗೆ ಹೇಳಿದಿರಿ: "ನಮ್ಮಬ್ಬಾ ಕಥೆ ಹೇಳೋದ್ರಲ್ಲಿ ಎತ್ತಿದ ಕೈ. ದೊಡ್ಡ ಮೀನು ಹಿಡಿದೆ ಅಂತ ನಂಗೊಂದು ಕಥೆ ಹೇಳಿದ್ರು. ಈ ಸರ್ ನಂಗೆ ತಮ್ಮ ನೋಟ್ ಪುಸ್ತಕಾನೇ ತೆಗೆದು ತೋರಿಸಿದ್ರು. ಯಾರೇ ಹೇಳ್ಲಿ, ಅಪ್ಪಾನೇ ಹೇಳ್ಲಿ, ದಾಖಲೆ ನೋಡ್ಬೇಕು — ಅದನ್ನ ನಾನು ಕಲ್ತಿದ್ದು ಇವರಿಂದ." ಮಕ್ಕಳು ನಕ್ಕರು. ನೀವೂ ನಕ್ಕಿರಿ. ತಂದೆಯ ಮೇಲಿನ ಪ್ರೀತಿ ಬಿಟ್ಟು ಬೇರೇನೂ ಆ ನಗೆಯಲ್ಲಿ ಇರಲಿಲ್ಲ. ಚಪ್ಪಾಳೆ ಬಿತ್ತು. ನಾನು ಎದ್ದು ನಿಂತು, ನಲವತ್ತು ನಿಮಿಷ, ಸತ್ಯದ ಪರಿಶೀಲನೆಯ ಬಗ್ಗೆ ಮಾತನಾಡಿದೆ.

ಗೇಟಿನವರೆಗೆ ಬಿಡಲು ಬಂದಿರಿ. ತಂದೆ ಹೇಗಿದ್ದಾರೆ ಎಂದೆ. "ಕೈ ನಡುಗುತ್ತೆ ಸರ್. ಲೇತ್ ಬಿಟ್ಟು ನಾಲ್ಕು ವರ್ಷ ಆಯ್ತು. ಬೇರೆ ಕಥೆ ಎಲ್ಲಾ ಹೇಳ್ತಾರೆ, ಮೀನಿನ ಕಥೆ ಮಾತ್ರ ಆಮೇಲೆ ಒಂದ್ಸಲಾನೂ ಹೇಳಿಲ್ಲ." ಆಗಲೂ ಹೇಳಬಹುದಿತ್ತು. ಬಸ್ ಬಂತು, ಹತ್ತಿದೆ.

ಮೂರು ಪುಟ ಮುಂದೆ ಇರುವುದು ಇದು, ಅಕ್ಷರ ಬದಲಿಸದೆ:

"6.50. ಮಾಲೀಕರು ಹಿಂದೆ, ಚಹಾ. ಖಲೀಲ್ ಬೀಸಿದರು. ಮೂರನೇ ಸಲ ಮೀನು ಎದ್ದಿತು. ಕೋಲನ್ನು ಬೇರೆ ಯಾರೂ ಮುಟ್ಟಿಲ್ಲ. 7.31. ಮೀನು ಪಕ್ಕಕ್ಕೆ. 18 ಕೆ.ಜಿ. ಖಲೀಲ್ ಬಲಗೈ, ಎರಡು ಬೆರಳು ಕುಯ್ದುಹೋಗಿವೆ. ಮೀನು ಬಿಟ್ಟರು. ಖಲೀಲ್ ಮೀನಿಗೆ: ಹೋಗಪ್ಪಾ, ಹೋಗು."

ಆ ಎರಡು ಬೆರಳ ಗೆರೆಗಳನ್ನು ನೀವು ಲೇತಿನ ಉಳಿಯಿಂದಾದವು ಎಂದುಕೊಂಡಿರಬಹುದು.

ಭಾನುವಾರ ಬೆಳಿಗ್ಗೆ ಚನ್ನಪಟ್ಟಣಕ್ಕೆ, ನಿಮ್ಮ ಮನೆಗೆ ಬರುತ್ತೇನೆ. ಅವರು ನನ್ನನ್ನು ಒಳಗೆ ಕರೆಯದಿದ್ದರೆ ಬಾಗಿಲಲ್ಲೇ ನಿಲ್ಲುತ್ತೇನೆ. ಪುಸ್ತಕ ತಂದಿರುತ್ತೇನೆ. ಈ ಸಲ ಪುಟ ನಾನು ತೆರೆಯುವುದಿಲ್ಲ, ಪುಸ್ತಕವನ್ನೇ ನಿಮ್ಮ ಕೈಗೆ ಕೊಡುತ್ತೇನೆ. ಮೊದಲಿನಿಂದ ಕೊನೆಯವರೆಗೆ ನೀವೇ ತಿರುಗಿಸಿ ನೋಡಿ. ಆ ಪುಟ ಸಿಕ್ಕಿದಾಗ, ಅಂದು ಓದಿದ ಹಾಗೆಯೇ, ಅಬ್ಬಾಗೆ ಕೇಳಿಸುವಂತೆ ಗಟ್ಟಿಯಾಗಿ ಓದಿ.