ಮಂಜಿನೊಳಗಿನ ಬೆಲ್ಲು

ಬಾಗೇವಾಡಿಯ ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರರಿಗೆ ಚಳಿಗಾಲ ಬಂತೆಂದರೆ ರವಿವಾರದ ನಿದ್ದೆಯಿಲ್ಲ. ಎಪ್ಪತ್ತರ ದಶಕದ ಆ ದಿನಗಳಲ್ಲಿ ಅದೇ ಶಾಲೆಗೆ ಹೊಸ ಮಾಸ್ತರನಾಗಿ ಸೇರಿದ್ದ ನನ್ನನ್ನೂ ಎಬ್ಬಿಸಿ, ಮುಳವಾಡದವರೆಗೆ ಸೈಕಲ್ ಹೊಡೆಸುತ್ತಿದ್ದರು. ಕಿವಿಗೆ ಮಫ್ಲರ್, ತೊಯ್ದ ಎರೆಮಣ್ಣಿನ ವಾಸನೆ, ಎರಡೂ ಕಡೆ ಇಬ್ಬನಿ ಹೊತ್ತು ಬಾಗಿದ ಬಿಳಿಜೋಳ. ಅಂಥ ಸುಖ ನನಗೆ ಮತ್ತೆಲ್ಲೂ ಸಿಕ್ಕಿಲ್ಲ.

ಮಂಜು ದಟ್ಟವಾದರೆ ಅವರದೊಂದು ಕಟ್ಟಳೆ. ಮುಂದಿನವನು ಆಗಾಗ ಬೆಲ್ ಬಾರಿಸಬೇಕು, ಹಿಂದಿನವನು ಬಾರಿಸಿ ಉತ್ತರ ಕೊಡಬೇಕು.

"ಉತ್ತರ ಬರಲಿಲ್ಲಂದ್ರ ನಿಂದರಬೇಕ್ರಿ. ಅವತ್ತ ನಾ ನಿಂದರಲಿಲ್ಲ," ಎಂದು ಪ್ರತಿ ಸಲ ಹೇಳುತ್ತ ಧೋತರದ ಚುಂಗಿನಿಂದ ಬೆಲ್ಲನ್ನು ಒರೆಸುತ್ತಿದ್ದರು. ಹಿಂದೆ ಬರುತ್ತಿದ್ದ ಅವರ ತಮ್ಮ ಇದೇ ದಾರಿಯಲ್ಲಿ ಲಾರಿಗೆ ಸಿಕ್ಕು ಸತ್ತಿದ್ದ.

ಒಂದು ಬೆಳಗ್ಗೆ ನಾನು ಮುಂದಿದ್ದೆ. ಬಾರಿಸಿದಾಗಲೆಲ್ಲ ಹಿಂದಿನಿಂದ ಉತ್ತರ ಬಂತು. ಮುಳವಾಡದ ಚಹದಂಗಡಿ ಮುಟ್ಟಿ ತಿರುಗಿ ನೋಡಿದರೆ ಯಾರೂ ಇಲ್ಲ. ಬಹಳ ಹೊತ್ತಿನ ಮೇಲೆ ಮಾಸ್ತರರು ಎತ್ತಿನ ಗಾಡಿಯಲ್ಲಿ ಸೈಕಲ್ ಹೇರಿಕೊಂಡು ಬಂದರು. ಬಾಗೇವಾಡಿ ದಾಟುತ್ತಲೇ ಚೈನು ಹರಿದಿತ್ತಂತೆ.

"ಮತ್ತ ನನ್ನ ಹಿಂದ ಬೆಲ್ ಬಾರಿಸಿದವರು ಯಾರ್ರಿ?" ನಾನು ಕೇಳಿದೆ.

"ಎಲ್ಲೀತನಕ ಬಾರಿಸಿದಾ?"

"ಇಲ್ಲೀತನಕರಿ."

ಅವರ ಮುಖ ಅರಳಿತು. ಸರಸರನೆ ನನ್ನ ಸೈಕಲ್ಲಿನ ಹತ್ತಿರ ಹೋಗಿ, ಬೆಲ್ಲನ್ನು ಒಮ್ಮೆ ಬಾರಿಸಿ, ಮಂಜಿಗೆ ಕಿವಿಗೊಟ್ಟರು.

ಉತ್ತರ ಬರಲಿಲ್ಲ.

ಮಂಜು ಕರಗಿ, ಬಿಸಿಲು ಬಿದ್ದು, ದಾರಿ ಉದ್ದಕ್ಕೂ ಬರಿದಾಗಿ ಕಂಡಿತು. ಅವರು ನಿಂತೇ ಇದ್ದರು.